ಗಣಿ ಡಂಪ್ ಮೇಲೆ ಹಸಿರು ಬರ್ಸೋದು ಹೆಂಗೆ: ಮೊದಲು ನೀರಿಗೆ ದಾರಿ, ಆಮೇಲೆ ಗಿಡ

ಜೂನ್ 5, ಪರಿಸರ ದಿನ ಬಂತಂದ್ರೆ ನಮ್ಮ ಸಂಡೂರು ಕಡೆ ಗಣಿಗಳಲ್ಲಿ ಒಂದು ಸೀನ್ ಗ್ಯಾರಂಟಿ. ಶಾಮಿಯಾನ, ಬ್ಯಾನರ್, ಸಾಲಾಗಿ ಇಟ್ಟ ಹೊಂಗೆ ಸಸಿ, ಹೊಸ ಹೆಲ್ಮೆಟ್ ಹಾಕ್ಕೊಂಡು ಬಂದ ಸಾಹೇಬ್ರು, ಒಂದು ಬಕೆಟ್ ನೀರು, ಫೋಟೋ. ಮುಂದಿನ ವರ್ಷ ಅದೇ ಗುಂಡಿ, ಹೊಸ ಸಸಿ, ಹೊಸ ಫೋಟೋ. ನಾನು ಈ ಲೈನಿಗೆ ಬಂದಾಗ ನಂಗೂ ಗಿಡ ನೆಡೋದೇ ರೀಕ್ಲಮೇಶನ್ (ಗಣಿಯಿಂದ ಕೆಟ್ಟ ನೆಲ ಮತ್ತೆ ಸರಿ ಮಾಡೋದು) ಅಂತ ಅನ್ಸಿತ್ತು, ತಪ್ಪಿಲ್ಲ, ಎಲ್ರೂ ಹಂಗೇ ಶುರು ಮಾಡೋದು. ಆ ಭ್ರಮೆ ಬಿಡ್ಸಿದ್ದು ಒಂದು ಉತ್ತರಿ ಮಳೆ. ಡಂಪಿನ, ಅಂದ್ರೆ ಗಣಿಯಿಂದ ತೆಗೆದ ಬೇಡದ ಮಣ್ಣು ಕಲ್ಲು ಸುರಿದ ಗುಡ್ಡೆಯ, ಇಳಿಜಾರಿಗೆ ಆಳು ಹಚ್ಚಿ ಎರಡು ವಾರ ಕಷ್ಟಪಟ್ಟು ಸಸಿ ನೆಡ್ಸಿದ್ವಿ, ರಾತ್ರಿ ಎರಡು ತಾಸು ಮಳೆ ಹೊಡೀತು, ಬೆಳಿಗ್ಗೆ ಹೋಗಿ ನೋಡಿದ್ರೆ ಆಳು ಇಳಿಯೋಷ್ಟು ಕೊರಕಲು ಬಿದ್ದಾವೆ, ಕೆಳಗಿನ ಜೋಳದ ಹೊಲದಲ್ಲಿ ಮೊಣಕಾಲುದ್ದ ಕೆಂಪು ಕೆಸರು, ಆ ಕೆಸರಿನಾಗೆ ಅಲ್ಲಲ್ಲಿ ನಮ್ಮ ಸಸಿಗಳು ತಲೆ ಎತ್ಕೊಂಡು ನಿಂತಾವೆ. ಹೊಲದ ಯಜಮಾನ್ರು ಬದುವಿನ ಮೇಲೆ ಕೂತು ಬೀಡಿ ಸೇದ್ತಾ ಇದ್ರು. "ಏನ್ ಸಾರ್, ನಮ್ಮ ಹೊಲಕ್ಕೇ ತಂದು ನೆಟ್ಟುಕೊಟ್ರಲ್ಲ, ಕೂಲಿ ಎಷ್ಟು ಕೊಡ್ಬೇಕು?" ಅಂದ್ರು. ಏನಂತ ಉತ್ತರ ಕೊಡ್ಲಿ.

ಹೊಸದಾಗಿ ಎನ್ವಿರಾನ್ಮೆಂಟ್ ಸೆಕ್ಷನ್‌ಗೆ ಸೇರಿರೋ ಹುಡುಗ್ರು ಫೋನ್ ಮಾಡಿ "ಅಣ್ಣ, ಎಲ್ಲಿಂದ ಶುರು ಮಾಡ್ಬೇಕು" ಅಂತ ಕೇಳ್ತಾನೇ ಇರ್ತಾರೆ, ಪ್ರತಿ ಸಲ ಹೇಳಿ ಹೇಳಿ ಸಾಕಾಗಿ ಇದನ್ನ ಒಂದು ಕಡೆ ಬರ್ದಿಡ್ತಾ ಇದೀನಿ. ಇದು ಬಳ್ಳಾರಿ, ಸಂಡೂರು, ಹೊಸಪೇಟೆ, ಚಿತ್ರದುರ್ಗ ಕಡೆ ಕಬ್ಬಿಣದ ಅದಿರಿನ ಗಣಿಗೆ ಸರಿ ಹೋಗೋ ಲೆಕ್ಕ. ಕೆಜಿಎಫ್ ಥರ ಸೈನೈಡ್ ಹಾಕಿ ಚಿನ್ನ ತೆಗ್ದ ಗುಡ್ಡೆಗಳಿಗೆ ಇದನ್ನ ಹಂಗೇ ತಗೊಂಡು ಹೋಗ್ಬೇಡ್ರಿ, ಅಲ್ಲಿ ಗಣಿ 2001ರಲ್ಲೇ ಮುಚ್ಚಿದ್ರೂ ಆ ಸೈನೈಡ್ ಗುಡ್ಡೆಗಳ ಧೂಳಿನ ಗೋಳು ಬೇರೆ. ಕುದುರೆಮುಖ ಕೂಡ ಬೇರೆ, ಅಲ್ಲಿನ ಮಲೆನಾಡು ಮಳೆಗೂ ನಮ್ಮ ಬಯಲುಸೀಮೆ ಮಳೆಗೂ ಎಲ್ಲಿಂದೆಲ್ಲಿಗೆ ಹೋಲಿಕೆ. ನಮ್ಮದು ಹೆಚ್ಚಾಗಿ ಹೆಮಟೈಟ್ ಅದಿರು, ಅಂದ್ರೆ ಆಮ್ಲದ ನೀರು ಸೋರಿ ಹಳ್ಳ ಕೆಡೋ ಭಯ ಕಮ್ಮಿ. ನಮ್ಮ ಶತ್ರು ಎರಡೇ, ಮಳೆಗಾಲದಲ್ಲಿ ಹೂಳು, ಬೇಸಿಗೆಯಲ್ಲಿ ಧೂಳು.

ಸ್ವಲ್ಪ ಹಿನ್ನೆಲೆ, ಬೇಗ ಮುಗಿಸ್ತೀನಿ. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸ್ತು, ಆಗಸ್ಟ್ 26ಕ್ಕೆ ಚಿತ್ರದುರ್ಗ ತುಮಕೂರಿಂದೂ ನಿಲ್ತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಲೀಸ್‌ಗಳನ್ನ ಎ, ಬಿ, ಸಿ ಅಂತ ಮೂರು ಭಾಗ ಮಾಡಿದ್ದನ್ನ ಕೋರ್ಟ್ ಒಪ್ತು, ಸಿ ಕೆಟಗರಿಯವು ರದ್ದಾದ್ವು, ಉಳಿದವ್ರು ಮತ್ತೆ ಗಣಿ ತೆಗೀಬೇಕಂದ್ರೆ ಆರ್ ಅಂಡ್ ಆರ್ ಪ್ಲಾನ್ (ಕೆಟ್ಟ ನೆಲ ಸರಿ ಮಾಡೋ ಯೋಜನೆ) ಪ್ರಕಾರ ಕೆಲಸ ಮಾಡಿ ತೋರಿಸ್ಬೇಕಾಯ್ತು. ಆ ಪ್ಲಾನ್ ಹೆಂಗಿರ್ಬೇಕು ಅಂತ ಮಾರ್ಗಸೂಚಿ ಮಾಡಿದ್ದು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ ಐಸಿಎಫ್‌ಆರ್‌ಇ. ನಿಮ್ಮ ಆಫೀಸಿನ ಅಲಮಾರಿನಲ್ಲಿ ನಿಮ್ಮ ಲೀಸಿಂದು ಒಂದು ದಪ್ಪ ಬುಕ್ ಇರ್ತದೆ, ಧೂಳು ಹೊಡೆದು ಮೊದಲು ಅದನ್ನ ಓದ್ರಿ. ಯಾವ ಡಂಪಿಗೆ ಎಷ್ಟು ಉದ್ದದ ಟೋ ವಾಲ್ (ಬುಡದ ತಡೆಗೋಡೆ), ಎಲ್ಲೆಲ್ಲಿ ಚೆಕ್ ಡ್ಯಾಮ್ (ಹಳ್ಳಕ್ಕೆ ಅಡ್ಡ ಹಾಕೋ ಸಣ್ಣ ಕಟ್ಟೆ), ಎಲ್ಲಾ ಮ್ಯಾಪ್ ಸಮೇತ ಅದರಲ್ಲೇ ಐತೆ. ಅರ್ಧ ಜನ ಅದನ್ನ ಇನ್ಸ್‌ಪೆಕ್ಷನ್ ದಿನ ಬಿಟ್ರೆ ತೆಗ್ದೇ ಇರಲ್ಲ.

ಮಳೆ ಬರುವಾಗ ಡಂಪ್ ಸುತ್ತ ನಡೀರಿ

ಮೊದಲ ಕೆಲಸ ಇದೇ. ಡ್ರೋನ್ ಮ್ಯಾಪ್, ಕಾಂಟೂರ್ ಶೀಟ್ ಎಲ್ಲಾ ಬೇಕು, ಇಲ್ಲ ಅನ್ನಲ್ಲ, ಆದ್ರೆ ಛತ್ರಿ ಹಿಡ್ಕೊಂಡು ಗಮ್‌ಬೂಟ್ ಹಾಕ್ಕೊಂಡು ಮಳೆಯಲ್ಲಿ ಒಂದು ಸಲ ಸುತ್ತು ಹಾಕಿದ್ರೆ ಗೊತ್ತಾಗೋದು ಯಾವ ಶೀಟಿನಲ್ಲೂ ಗೊತ್ತಾಗಲ್ಲ. ನೀರು ಎಲ್ಲಿ ಗುಂಪು ಸೇರ್ತದೆ, ಹಾಲ್ ರೋಡಿನ (ಟಿಪ್ಪರ್ ಓಡಾಡೋ ದಾರಿ) ನೀರು ಎಲ್ಲಿ ತಿರುಗಿ ಡಂಪ್ ಮೇಲೆ ಹತ್ತುತ್ತದೆ, ಯಾವ ಮೂಲೆಯಲ್ಲಿ ಕೆಂಪಾಗಿ ಹೊರಗೆ ಹೋಗ್ತದೆ, ಅಲ್ಲಲ್ಲಿ ನಿಂತು ಮೊಬೈಲಲ್ಲಿ ಫೋಟೋ ಹೊಡ್ಕೊಂಡು ಲೊಕೇಶನ್ ಸೇವ್ ಮಾಡ್ಕೊಳ್ರಿ. (ಸಿಡಿಲಿರುವಾಗ ಬೇಡ, ಡಂಪ್ ಅಂಚಿಗೂ ಹೋಗ್ಬೇಡ್ರಿ, ನೆಂದ ಅಂಚು ಹೇಳ್ದೆ ಕೇಳ್ದೆ ಕುಸೀತದೆ.) ನಂಗೆ ಗೊತ್ತಿರೋ ಹಾಗೆ ಹತ್ತರಲ್ಲಿ ಏಳು ಕೊರಕಲಿಗೆ ಡಂಪ್ ಮೇಲೆ ಬಿದ್ದ ಮಳೆ ಕಾರಣ ಅಲ್ಲ, ಮೇಲಿನ ರೋಡಿಂದಲೋ ಬೆಂಚಿಂದಲೋ (ಮೆಟ್ಟಿಲು ಥರ ಕೊಯ್ದ ಜಾಗ) ಹರ್ದು ಬಂದ ನೀರು ಕಾರಣ. ಆ ನೀರನ್ನ ಡಂಪಿಗೆ ಮುಟ್ಟದ ಹಾಗೆ ಮೇಲೇ ತಿರುಗಿಸ್ಬಿಟ್ರೆ ಅರ್ಧ ಗೆದ್ದಂಗೆ.

ಈಗ ಸ್ವಲ್ಪ ಲೆಕ್ಕ. ಒಂದು ಹೆಕ್ಟೇರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ 10,000 ಲೀಟರ್. ಅಂದ್ರೆ ಒಂದು ವಾಟರ್ ಟ್ಯಾಂಕರ್. 5 ಹೆಕ್ಟೇರ್ ಡಂಪ್ ಮೇಲೆ ಒಂದೇ ಗಂಟೆಯಲ್ಲಿ 50 ಮಿಮೀ ಹೊಡೀತು ಅಂದ್ಕೊಳ್ರಿ, ಒಟ್ಟು 250 ಟ್ಯಾಂಕರ್ ನೀರು, ಅದರಲ್ಲಿ ನೂರಕ್ಕೆ ಅರವತ್ತು ಹರ್ದು ಹೋದ್ರೂ 150 ಟ್ಯಾಂಕರ್. ಸೆಕೆಂಡಿಗೆ ಹತ್ರ ಹತ್ರ 415 ಲೀಟರ್. ನೀರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಓಡ್ತದೆ ಅಂದ್ರೆ ಡ್ರೈನಿನ ಬಾಯಿ 0.42 ಚದರ ಮೀಟರ್ ಇರ್ಲೇಬೇಕು, ಇದರ ಮೇಲೆ ಅರ್ಧದಷ್ಟು ಸೇಫ್ಟಿ ಸೇರಿಸ್ರಿ, 0.62 ಆಯ್ತು, ಅಂದ್ರೆ ಒಂದು ಮೀಟರ್ ಅಗಲ, ಅರವತ್ತೆರಡು ಸೆಂಟಿಮೀಟರ್ ನೀರಿನ ಆಳ, ಮೇಲೆ ಒಂದು ಗೇಣು ಖಾಲಿ. ಜೆಸಿಬಿ ಆಪರೇಟರ್‌ಗೆ "ಒಂದು ಬಕೆಟ್ ಅಗಲ ತೆಗೀಯಪ್ಪ" ಅಂತ ಹೇಳಿ ಟೀ ಕುಡಿಯೋಕೆ ಹೋಗೋರು ಈ ಲೆಕ್ಕ ಒಂದು ಸಲ ಮಾಡಿ ನೋಡ್ಬೇಕು. ಇಸಿ (ಪರಿಸರ ಅನುಮತಿ) ಲೆಟರ್‌ನಲ್ಲೂ ಸಾಮಾನ್ಯವಾಗಿ ಇದೇ ಅರ್ಥದ ಕಂಡೀಷನ್ ಇರ್ತದೆ ನೋಡ್ರಿ, 50 ವರ್ಷದ ಮಳೆ ದಾಖಲೆ ನೋಡಿ ಅದರ ಗರಿಷ್ಠದ ಮೇಲೆ 50% ಹೆಚ್ಚು ಇಟ್ಟು ಡ್ರೈನ್, ಸೆಟ್ಲಿಂಗ್ ಪಾಂಡ್ (ಹೂಳು ತಳಕ್ಕೆ ಕೂರೋ ಹೊಂಡ) ಕಟ್ರಿ ಅಂತ.

ಡಂಪ್ ಸುತ್ತ ಹಾರ ಹಾಕಿದಂಗೆ ಬರೋದಕ್ಕೇ ಗಾರ್ಲ್ಯಾಂಡ್ ಡ್ರೈನ್ ಅನ್ನೋದು. ಇಳಿಜಾರು ಜಾಸ್ತಿ ಇರೋ ಕಡೆ ಬರೀ ಮಣ್ಣಿನ ಕಾಲುವೆ ಬಿಟ್ರೆ ಅದೇ ಕೊರಕಲಾಗ್ತದೆ, ಅಲ್ಲಿ ಕಲ್ಲು ಪಿಚಿಂಗ್ ಮಾಡ್ಸಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಸ್ರಿ.

ಡಂಪಿನ ಆಕಾರ

ಟಿಪ್ಪರ್ ಹಿಂದೆ ಬಂದು ಸುರಿದು ಹೋದ ಮಣ್ಣು ತಾನಾಗೇ 36-37 ಡಿಗ್ರಿಯಲ್ಲಿ ನಿಲ್ತದೆ. ನಿಲ್ತದೆ ಅಷ್ಟೇ, ಅದರ ಮೇಲೆ ಹುಲ್ಲೂ ಹಿಡಿಯಲ್ಲ, ಬೀಜಾನೂ ಕೂರಲ್ಲ. ಬಹಳಷ್ಟು ಇಸಿ ಕಂಡೀಷನ್‌ಗಳಲ್ಲಿ ಒಟ್ಟಾರೆ ಇಳಿಜಾರು 28 ಡಿಗ್ರಿ ಮೀರಬಾರ್ದು ಅಂತ ಇರ್ತದೆ. ಡಿಗ್ರಿ ಅಂದ್ರೆ ಡೋಜರ್ ಆಪರೇಟರ್‌ಗೆ ತಲೆ ಮೇಲೆ ಹೋಗ್ತದೆ, ಅವ್ರಿಗೆ ಹಿಂಗೆ ಹೇಳ್ರಿ: 10 ಮೀಟರ್ ಎತ್ತರಕ್ಕೆ 19 ಮೀಟರ್ ಬುಡ. ಸುರಿದು ಬಿಟ್ಟ ಡಂಪಿನಲ್ಲಿ ಅದೇ 10 ಮೀಟರಿಗೆ ಬುಡ 13 ಮೀಟರ್ ಅಷ್ಟೇ ಇರ್ತದೆ. ಹಂಗಾಗಿ ಅಂಚನ್ನ ಮೇಲಿಂದ ಹಿಂದಕ್ಕೆ ಕೊಯ್ದು ಕೆಳಕ್ಕೆ ತಳ್ಳಬೇಕು, ಇಲ್ಲಾ ಬುಡ ಮುಂದಕ್ಕೆ ಬರ್ಬೇಕು. ಬುಡ ಮುಂದೆ ಬರೋಕೆ ಜಾಗ ಇರಲ್ಲ, ಯಾಕಂದ್ರೆ ಲೀಸ್ ಬೌಂಡರಿ ಒಳಗೆ 7.5 ಮೀಟರ್ ಸೇಫ್ಟಿ ಝೋನ್ ಬಿಡಲೇಬೇಕು, ಅದರಾಚೆ ಅರಣ್ಯ ಇಲಾಖೆ ಜಮೀನು. ಹಳೇ ಡಂಪ್‌ಗಳು ಬಹಳಷ್ಟು ಸಿಕ್ಕಿಬೀಳೋದು ಇಲ್ಲೇ. ಬಿ, ಸಿ ಕೆಟಗರಿ ಲೆಕ್ಕ ಹಾಕಿದಾಗಲೂ ಲೀಸಿನಾಚೆ ಹರಡಿದ್ದ ಪಿಟ್ಟು (ಅದಿರು ಅಗೆದ ಗುಂಡಿ) ಮತ್ತೆ ಡಂಪು ಎಷ್ಟು ಪರ್ಸೆಂಟ್ ಅಂತಲೇ ಅಳೆದಿದ್ದು.

ಎತ್ತರದ ಡಂಪನ್ನ ಒಂದೇ ಇಳಿಜಾರಾಗಿ ಬಿಡ್ಬೇಡ್ರಿ, ಮೆಟ್ಟಿಲು ಮಾಡ್ರಿ. ಪ್ರತಿ ಮೆಟ್ಟಿಲು ಒಳಗಡೆಗೆ, ಅಂದ್ರೆ ಗುಡ್ಡದ ಕಡೆಗೆ, ಸ್ವಲ್ಪ ವಾಲಿರ್ಬೇಕು. ಇದು ಎಲ್ಲರಿಗೂ ಗೊತ್ತು, ಆದ್ರೆ ಸೈಟಲ್ಲಿ ನೋಡಿದ್ರೆ ಹೊರಗಡೆಗೇ ವಾಲಿರ್ತದೆ, ಯಾಕಂದ್ರೆ ಡೋಜರ್ ಹೊರಕ್ಕೆ ತಳ್ಳೋದು ಸುಲಭ. ಚೆಕ್ ಮಾಡೋಕೆ ದೊಡ್ಡ ಸರ್ವೆ ಏನೂ ಬೇಡ, ಪಾರದರ್ಶಕ ಪೈಪಿನಾಗೆ ನೀರು ತುಂಬಿ ಮೇಸ್ತ್ರಿಗಳು ಲೆವೆಲ್ ನೋಡ್ತಾರಲ್ಲ, ಅದೇ ಸಾಕು. ಒಳಗಡೆ ಸೇರಿದ ನೀರು ಬೆಂಚಿನ ಹಿಂಭಾಗದ ಸಣ್ಣ ಕಾಲುವೆಲಿ ಪಕ್ಕಕ್ಕೆ ಹೋಗಿ ಕಲ್ಲು ಹಾಸಿದ ಇಳಿಗಾಲುವೆಯಲ್ಲಿ ಕೆಳಗೆ ಇಳೀಬೇಕು. ಹೊರ ಅಂಚಿಗೆ ಮೊಣಕಾಲೆತ್ತರ ಒಡ್ಡು. ಒಡ್ಡು ಒಂದು ಕಡೆ ಕಿತ್ಹೋದ್ರೂ ಅಷ್ಟೂ ನೀರು ಅಲ್ಲೇ ನುಗ್ತದೆ, ಹಂಗಾಗಿ ಟಿಪ್ಪರ್ ಓಡಾಡಿ ಮುರಿದ ಒಡ್ಡನ್ನ ಅವತ್ತೇ ಸರಿ ಮಾಡ್ಸಿ, ನಾಳೆ ಅಂದ್ರೆ ಹಾಳು.

ಬುಡಕ್ಕೆ ಟೋ ವಾಲ್. ಗಾರೆ ಹಾಕಿ ನುಣ್ಣಗೆ ಕಟ್ಟಿ, ಪೇಂಟ್ ಹೊಡ್ಸಿ, ನಂಬರ್ ಬರ್ಸಿದ ಗೋಡೆ ನೋಡೋಕೆ ಚಂದ, ಆದ್ರೆ ಹಿಂದೆ ನೀರು ನಿಂತ್ರೆ ಅದೇ ಗೋಡೆ ಒತ್ತಡಕ್ಕೆ ಹೊಟ್ಟೆ ಬಿಡ್ತದೆ. ನನ್ನ ವೋಟು ಗಾರೆ ಇಲ್ಲದ ಕಲ್ಲುಕಟ್ಟಿಗೆ ಅಥವಾ ತಂತಿ ಬಲೆ ಒಳಗೆ ಕಲ್ಲು ತುಂಬಿದ ಗೇಬಿಯನ್‌ಗೆ, ನೀರು ಸೋರ್ತದೆ, ಮಣ್ಣು ನಿಲ್ತದೆ. ಗಾರೆ ಗೋಡೆನೇ ಬೇಕಂದ್ರೆ ನೀರು ಸೋರೋ ತೂತು ಬಿಡಿಸ್ರಿ, ತೂತಿನ ಹಿಂದೆ ಸಣ್ಣ ಜಲ್ಲಿ ತುಂಬಿಸ್ರಿ, ಇಲ್ಲಾಂದ್ರೆ ಒಂದೇ ಮಳೆಗೆ ಕೆಂಪು ಮಣ್ಣು ಬೆಣ್ಣೆ ಥರ ಕೂತು ತೂತು ಮುಚ್ಚಿಬಿಡ್ತದೆ.

ಹಳ್ಳ, ಚೆಕ್ ಡ್ಯಾಮ್, ಹೂಳು

ಡಂಪಿಂದ ಕೆಳಗೆ ಹೋಗೋ ಹಳ್ಳಗಳಲ್ಲಿ ಚೆಕ್ ಡ್ಯಾಮ್ ಸಾಲು ಬೇಕು. ಎಷ್ಟು ದೂರಕ್ಕೆ ಒಂದು ಅನ್ನೋದಕ್ಕೆ ಹಳೇ ಲೆಕ್ಕ ಐತೆ, ಕೆಳಗಿನ ಕಟ್ಟೆಯ ತಲೆ ಮೇಲಿನ ಕಟ್ಟೆಯ ಬುಡಕ್ಕೆ ಸಮ ಇರ್ಬೇಕು. ಹಳ್ಳದ ಇಳಿಜಾರು ನೂರಕ್ಕೆ ಹತ್ತು ಇದ್ದು ಕಟ್ಟೆ ಒಂದು ಮೀಟರ್ ಎತ್ತರ ಅಂದ್ರೆ ಹತ್ತು ಮೀಟರ್‌ಗೊಂದು. ದುಡ್ಡು ಉಳಿಸೋಕೆ ಇಪ್ಪತ್ತು ಮೀಟರ್‌ಗೊಂದು ಕಟ್ಟಿದ್ರೆ ನಡುವೆ ಬಿದ್ದ ನೀರು ಕೆಳಗಿನ ಕಟ್ಟೆ ತಲುಪೋ ಮುಂಚೆ ಹಳ್ಳದ ತಳಾನೇ ಕೊಯ್ತದೆ. ಕಟ್ಟೆ ಮಧ್ಯ ತಗ್ಗು, ಎರಡು ಪಕ್ಕ ಎತ್ತರ, ರೆಕ್ಕೆ ದಂಡೆಯೊಳಗೆ ಚೆನ್ನಾಗಿ ಹೂತಿರ್ಬೇಕು. ನೇರ ಗೆರೆ ಎಳೆದಂಗೆ ಕಟ್ಟಿದ್ರೆ ನೀರು ಪಕ್ಕದಿಂದ ಸುತ್ತು ಹಾಕಿ ಹೋಗ್ತದೆ, ಕಟ್ಟೆ ಒಂಟಿಯಾಗಿ ಮಧ್ಯದಲ್ಲಿ ಸ್ಮಾರಕ ಥರ ನಿಂತಿರ್ತದೆ. ಇಂಥ ಸ್ಮಾರಕ ನಮ್ಮ ಗುಡ್ಡಗಳಲ್ಲಿ ಬೇಕಾದಷ್ಟು ಸಿಗ್ತಾವೆ.

ಕೊನೆಯಲ್ಲಿ ಸೆಟ್ಲಿಂಗ್ ಪಾಂಡ್. ಒಂದೇ ದೊಡ್ಡ ಗುಂಡಿಗಿಂತ ಮೂರು ಖಾನೆ ವಾಸಿ, ಮೊದಲನೇದರಲ್ಲಿ ಮರಳು ಜಲ್ಲಿ, ಎರಡನೇದರಲ್ಲಿ ಸಣ್ಣ ಹೂಳು, ಮೂರನೇದರಲ್ಲಿ ಸ್ವಲ್ಪ ತಿಳಿ. ನೀರು ಒಳಗೆ ಬರೋ ಬಾಯಿ ಮತ್ತೆ ಹೊರಗೆ ಹೋಗೋ ಬಾಯಿ ಎದುರು ಬದುರು ಇಡ್ಬೇಡ್ರಿ, ಮೂಲೆಯಿಂದ ಮೂಲೆಗೆ ಇಡ್ರಿ, ನೀರು ಸುತ್ತಾಡಿ ಹೋಗ್ಲಿ. ನಮ್ಮ ಕೆಂಪು ಜೇಡಿ ಬಹಳ ನಯ, ರಾತ್ರಿಯೆಲ್ಲಾ ಬಿಟ್ರೂ ಟೀ ಥರಾನೇ ಇರ್ತದೆ, ಅದಕ್ಕೇ ಮೇಲೇ ತಡೆಯೋದು ಮುಖ್ಯ, ಪಾಂಡ್ ಏನಿದ್ರೂ ಕೊನೇ ಕಾವಲು. ಹೂಳು ತೆಗೆಯೋದು ಮೇ ತಿಂಗಳಲ್ಲಿ ಒಂದು ಸಲ ಅಂತ ಎಲ್ರೂ ಬರ್ಕೊಂಡಿರ್ತಾರೆ, ಸಾಕಾಗಲ್ಲ. ಸಂಡೂರು ಕಡೆ ಜೋರು ಮಳೆ ಹೆಚ್ಚಾಗಿ ಬೀಳೋದು ಪುಬ್ಬ, ಉತ್ತರಿ, ಹಸ್ತದಲ್ಲಿ, ಅಂದ್ರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ. ಅಷ್ಟೊತ್ತಿಗೆ ಮುಂಗಾರಿನ ಹೂಳೇ ಅರ್ಧ ಪಾಂಡ್ ತುಂಬಿರ್ತದೆ. ಆಗಸ್ಟ್ ಮಧ್ಯದಲ್ಲಿ ಇನ್ನೊಂದು ಸಲ ಹಿಟಾಚಿ ಇಳಿಸ್ಲೇಬೇಕು. ತೆಗೆದ ಹೂಳನ್ನ ದಂಡೆ ಮೇಲೇ ಗುಡ್ಡೆ ಹಾಕೋ ಮಹಾನುಭಾವ್ರೂ ಇದಾರೆ, ಮುಂದಿನ ಮಳೆಗೆ ಅದು ವಾಪಸ್ ಒಳಗೆ. ನಾವಿಷ್ಟು ಒದ್ದಾಡೋದು ಯಾಕಂದ್ರೆ ಕೆಳಗೆ ನಾರಿಹಳ್ಳ ಐತೆ, ಹೊಲ ಐತೆ, ಊರ ಕೆರೆ ಐತೆ.

ಮೇಲ್ಮಣ್ಣು ಅನ್ನೋ ಬಂಗಾರ

ನಮ್ಮ ಗುಡ್ಡಗಳಲ್ಲಿ ಮೇಲ್ಮಣ್ಣು ಬಹಳ ತೆಳು, ಕೆಲವು ಕಡೆ ಒಂದು ಗೇಣೂ ಇಲ್ಲ. ಅದರಲ್ಲೇ ಬೀಜ, ಬೇರು, ಬೇರಿಗೆ ಅಂಟ್ಕೊಂಡಿರೋ ಶಿಲೀಂಧ್ರ ಎಲ್ಲಾ ಇರೋದು. ಹೊಸ ಜಾಗ ತೆಗೆಯೋ ಮೊದಲು ಅದನ್ನ ಬೇರೆ ಕೆರೆದು ಬೇರೆ ಕಡೆ ಹಾಕ್ಸಿ, ಬೋರ್ಡ್ ಹಾಕ್ಸಿ, ಇಲ್ಲಾಂದ್ರೆ ರಾತ್ರಿ ಶಿಫ್ಟಿನವ್ರು ಅದರ ಮೇಲೇ ಶೇಲ್ ಕಲ್ಲು ಸುರಿದು ಹೋಗ್ತಾರೆ. ರಾಶಿ ಎತ್ತರ ಎರಡು ಮೀಟರ್ ದಾಟಬಾರ್ದು, ಎತ್ತರ ಆದಷ್ಟೂ ಒಳಗೆ ಗಾಳಿ ಇಲ್ಲದೆ ಜೀವ ಸಾಯ್ತದೆ. ಮೇಲೆ ಹುರುಳಿನೋ ಸಣಬೋ ಚೆಲ್ಲಿ ಬಿಡ್ರಿ. ಮತ್ತೆ ಮುಖ್ಯವಾದ ಮಾತು, ಅದನ್ನ ವರ್ಷಗಟ್ಲೆ ಮ್ಯೂಸಿಯಂ ಥರ ಕಾಯ್ಬೇಡ್ರಿ, ಒಂದು ಕಡೆ ಕೆರೆದದ್ದನ್ನ ಇನ್ನೊಂದು ಕಡೆ ರೆಡಿ ಆದ ಬೆಂಚಿಗೆ ಅದೇ ಸೀಸನ್‌ನಲ್ಲಿ ಹರಡಿದ್ರೆ ಬೀಜ ಹಾಕದೇನೇ ಅರ್ಧ ಹುಲ್ಲು ಬರ್ತದೆ.

ಹಳೇ ಡಂಪಿಗೆ ಮೇಲ್ಮಣ್ಣು ಎಲ್ಲಿಂದ ತರೋದು? ಮೊದ್ಲು ಡಂಪಿನ ಮಣ್ಣನ್ನ ನಾಲ್ಕಾರು ಕಡೆ ತೆಗೆದು ಮಣ್ಣು ಪರೀಕ್ಷೆಗೆ ಕೊಡ್ರಿ, ಬಹಳಷ್ಟು ಸಲ ಇಂಗಾಲ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ ಅಂತ ಬರ್ತದೆ. ಕೆರೆ ಹೂಳು, ತಿಪ್ಪೆ ಗೊಬ್ಬರ ಗುಂಡಿಗೆ ಮಾತ್ರ ಹಾಕ್ರಿ, ಇಡೀ ಇಳಿಜಾರಿಗೆ ಹರಡೋಕೆ ಹೋಗ್ಬೇಡ್ರಿ, ಮಳೆಗೆ ತೊಳ್ಕೊಂಡು ಹೋಗ್ತದೆ, ದುಡ್ಡೂ ಹೋಗ್ತದೆ. ಇಳಿಜಾರಿಗೆ ಮೊದಲ ವರ್ಷ ಹುರುಳಿ, ಸಣಬು, ಡಯಾಂಚ ಥರದ ದ್ವಿದಳ ಚೆಲ್ಲಿ, ಹೂ ಬಂದಾಗ ಅಲ್ಲೇ ಬೀಳ್ಸಿ, ಮಣ್ಣು ತಾನೇ ಸ್ವಲ್ಪ ಮೆತ್ತಗಾಗ್ತದೆ.

ಹುಲ್ಲು ಮೊದಲು, ಮರ ಆಮೇಲೆ

ಇದು ನಾನು ಜಗಳ ಆಡಿಯಾದ್ರೂ ಹೇಳೋ ಮಾತು. ಇಳಿಜಾರಿನ ಮಣ್ಣು ಹಿಡಿಯೋದು ಮರ ಅಲ್ಲ, ಹುಲ್ಲು. ಮರದ ಬೇರು ಇಳಿಯೋಕೆ ವರ್ಷಗಟ್ಲೆ ಬೇಕು, ಹುಲ್ಲಿಗೆ ಒಂದು ಮಳೆಗಾಲ ಸಾಕು. 2020ರ ಜನವರಿ 8ರಂದು ಸುಪ್ರೀಂ ಕೋರ್ಟ್ ಕೂಡ ಹೇಳಿದ್ದು ಇದನ್ನೇ, ಗಣಿ ಮುಗಿದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವಿಗೆ, ಗಿಡ ಪ್ರಾಣಿಗೆ ಆಗೋ ಸ್ಥಿತಿಗೆ ತರಬೇಕು ಅನ್ನೋ ಷರತ್ತು ಲೀಸ್‌ನವ್ರಿಗೆ ಹಾಕ್ರಿ ಅಂತ ಕೇಂದ್ರ ಸರ್ಕಾರಕ್ಕೆ ಹೇಳ್ತು. ಆದ್ರೂ ರಿಪೋರ್ಟಿನಲ್ಲಿ ಕಾಲಂ ಇರೋದು "ನೆಟ್ಟ ಸಸಿಗಳ ಸಂಖ್ಯೆ". ಹುಲ್ಲು ಎಣಿಸೋಕಾಗಲ್ಲವಲ್ಲ, ಅದಕ್ಕೇ ಯಾರಿಗೂ ಬೇಡ.

ಅಂಜನ ಹುಲ್ಲು, ಸ್ಟೈಲೋ, ಗುಡ್ಡದಲ್ಲೇ ಸಿಗೋ ಕಾಚಿ ಹುಲ್ಲು, ಕಾಲುವೆ ದಂಡೆಗೆ ಲಾವಂಚ. ಸ್ಟೈಲೋ ದ್ವಿದಳ, ಮೇವಿಗೂ ಆಗ್ತದೆ. ಗುಡ್ಡದ ಹುಲ್ಲಿನ ಬೀಜ ನವೆಂಬರ್ ಡಿಸೆಂಬರಲ್ಲಿ ಊರಿನ ಹೆಣ್ಮಕ್ಕಳಿಗೆ ಕೂಲಿ ಕೊಟ್ಟು ಕೊಯ್ಸಿ, ಚೀಲದಲ್ಲಿ ಒಣಗಿಸಿ ಇಟ್ಕೊಳ್ರಿ, ಅಂಗಡಿ ಬೀಜಕ್ಕಿಂತ ನಂಬಿಕೆ ಜಾಸ್ತಿ.

ಇಳಿಜಾರು ಜೋರಿರೋ ಕಡೆ ತೆಂಗಿನ ನಾರಿನ ಮ್ಯಾಟ್ ಹಾಕ್ರಿ, ಕಾಯರ್ ಮ್ಯಾಟ್ ಅಂತೀವಲ್ಲ ಅದು. ಹಾಕೋ ವಿಧಾನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ದುಡ್ಡು ದಂಡ ಆಗೋದು ಇಲ್ಲೇ ಹೆಚ್ಚು. ಮೊದಲು ಇಳಿಜಾರಿನ ಕಲ್ಲು, ಬೇರು, ಉಬ್ಬು ತೆಗೆದು ನುಣ್ಣಗೆ ಮಾಡ್ಸಿ. ಸಣ್ಣ ಕೊರಕಲಿದ್ರೆ ಮಣ್ಣು ತುಂಬಿ ತುಳಿಸ್ರಿ, ಅದರ ಮೇಲೆ ಮ್ಯಾಟ್ ಮುಚ್ಚಿ ಕಣ್ಣು ಮುಚ್ಕೊಂಡ್ರೆ ಒಳಗೊಳಗೇ ನೀರು ಹರೀತದೆ. ಆಮೇಲೆ ಬೀಜ, ಸ್ವಲ್ಪ ಪುಡಿ ಗೊಬ್ಬರ. ಇಳಿಜಾರಿನ ತಲೆಯಲ್ಲಿ ಒಂದಡಿ ಆಳದ ಕಾಲುವೆ ತೆಗೆದು ಮ್ಯಾಟಿನ ತುದಿ ಅದರಲ್ಲಿ ಹೂತು ಮಣ್ಣು ಮುಚ್ಚಿ ತುಳೀರಿ, ಅಲ್ಲಿಂದ ಕೆಳಗೆ ಸೀರೆ ಬಿಡಿಸಿದಂಗೆ ಬಿಡಿಸ್ಕೊಂಡು ಬರ್ರಿ. ಅಡ್ಡಡ್ಡ ಹಾಸ್ಬೇಡ್ರಿ. ಎಳೆದು ಬಿಗಿ ಮಾಡ್ಬೇಡ್ರಿ, ಬಿಗಿ ಮಾಡಿದ್ರೆ ತಗ್ಗಿನ ಮೇಲೆ ಡೇರೆ ಥರ ನಿಲ್ತದೆ, ಮಣ್ಣಿಗೆ ಮುಟ್ಟದೇ ಇದ್ರೆ ಮ್ಯಾಟ್ ಹಾಕಿ ಏನು ಉಪಯೋಗ. ಒಂದರ ಮೇಲೊಂದು ಅರ್ಧ ಗೇಣು ಬರ್ಲಿ, ಕಬ್ಬಿಣದ ಯು ಪಿನ್ ಇಲ್ಲಾ ಬಿದಿರಿನ ಗೂಟ ಹೊಡೀರಿ. ಒಂದು ವಾರ ಬಿಟ್ಟು ಮ್ಯಾಟಿನ ಮೇಲೆ ಕೈ ಇಟ್ಟು ಒತ್ತಿ ನೋಡ್ರಿ, ಒಳಗೆ ಪೊಳ್ಳು ಅನ್ಸಿದ ಕಡೆ ಇನ್ನೊಂದು ಗೂಟ. ಎರಡು ಮೂರು ವರ್ಷಕ್ಕೆ ನಾರು ಕೊಳೆತು ಮಣ್ಣಾಗ್ತದೆ, ಅಷ್ಟರಲ್ಲಿ ಹುಲ್ಲು ಹಿಡಿದಿರ್ಬೇಕು. ಸೆಣಬಿನ ಮ್ಯಾಟ್ ಅಗ್ಗ, ಆದ್ರೆ ಬೇಗ ಕೊಳೀತದೆ.

ಯಾವ ಗಿಡ

ಗುಂಡಿ ಏಪ್ರಿಲ್ ಮೇನಲ್ಲೇ ತೆಗೆಸ್ರಿ, 45 ಸೆಂಟಿಮೀಟರ್ ಉದ್ದ ಅಗಲ ಆಳ, ಬಿಸಿಲಿಗೆ ಒಣಗ್ಲಿ. ನೆಡೋದು ಜೂನ್ 5ಕ್ಕಲ್ಲ, ನೆಲ ಒಂದು ಮೊಳ ನೆಂದ ಮೇಲೆ. ಮೃಗಶಿರ ಕೈ ಕೊಟ್ರೆ ಆರಿದ್ರಾಕ್ಕೆ, ಅದೂ ಕೈ ಕೊಟ್ರೆ ಇನ್ನೂ ಕಾಯ್ರಿ. ಸಾಹೇಬ್ರಿಗೆ ಫೋಟೋ ಬೇಕಂದ್ರೆ ಆಫೀಸ್ ಮುಂದೆ ಎರಡು ಗಿಡ ನೆಡ್ಸಿ ಕಳ್ಸಿ. ಸಸಿ ಒಂದು ವರ್ಷ ದಾಟಿದ್ದು, ನರ್ಸರಿ ನೆರಳಿಂದ ಒಂದು ತಿಂಗಳು ಮೊದಲೇ ಹೊರಗೆ ಬಿಸಿಲಲ್ಲಿ ಇಟ್ಟು ಗಟ್ಟಿ ಮಾಡಿದ್ದು ಇರ್ಬೇಕು. ಮತ್ತೆ ಒಂದು ಮಾತು, ನಗ್ಬೇಡ್ರಿ, ಪ್ಲಾಸ್ಟಿಕ್ ಕವರ್ ಕಿತ್ತು ನೆಡ್ರಿ. ಒಂದು ಕಡೆ ಗುತ್ತಿಗೆಯವ್ರು ನೆಟ್ಟ ಸಾಲಿನಲ್ಲಿ ಸಸಿಗಳೆಲ್ಲಾ ಒಂದೇ ಸಮ ಬಾಡಿದ್ವು, ರೋಗ ಅಂದ್ಕೊಂಡು ಔಷಧಿ ಹೊಡೆಸಿದ್ವಿ, ಕೊನೆಗೆ ಒಂದನ್ನ ಕಿತ್ತು ನೋಡಿದ್ರೆ ಕವರ್ ಸಮೇತ ಹೂತಿದಾರೆ, ಬೇರು ಕವರಿನೊಳಗೆ ಬಳೆ ಥರ ಸುತ್ಕೊಂಡಿದೆ. ಸಸಿಗೆ ಇಷ್ಟು ಅಂತ ಕೂಲಿ ಕೊಟ್ರೆ ಹಿಂಗೇ ಆಗೋದು, ಮೂರನೇ ವರ್ಷ ಬದುಕಿರೋ ಸಸಿಗೆ ಇಷ್ಟು ಅಂತ ಒಪ್ಪಂದ ಮಾಡ್ಕೊಳ್ರಿ.

ಜಾತಿ ಆರಿಸೋಕೆ ಕ್ಯಾಟಲಾಗ್ ನೋಡ್ಬೇಡ್ರಿ, ಪಕ್ಕದ ಕೆಡದ ಗುಡ್ಡ ನೋಡ್ರಿ. ಸಂಡೂರಿನ ಸ್ವಾಮಿಮಲೈ ಕಾಡಿನ ಕಡೆ ಒಂದು ರೌಂಡ್ ಹಾಕಿದ್ರೆ ನಿಮ್ಮ ಲಿಸ್ಟ್ ರೆಡಿ. ಕಮರ, ದಿಂಡಿಗ, ತುಗ್ಗಲಿ, ಕಗ್ಗಲಿ, ಹಾಲೆ, ಕಕ್ಕೆ, ಬೇವು, ಹೊಂಗೆ. ಪೊದೆಗೆ ಬಂದರಿಕೆ, ಕಾರೆ, ಕವಳೆ. ಬಂದರಿಕೆ ಅಂತೂ ಕಲ್ಲಿನ ಮೇಲೂ ಬರ್ತದೆ, ಮೇಕೆಯೂ ಅಷ್ಟಾಗಿ ಮುಟ್ಟಲ್ಲ, ಇದಕ್ಕಿಂತ ಏನು ಬೇಕು. ಬೋರೆ, ಕಾರೆ, ಕವಳೆ ಹಣ್ಣು ಕರಡಿಗೂ ಇಷ್ಟ, ದರೋಜಿ ಕರಡಿಧಾಮ ನಮ್ಮಿಂದ ದೂರ ಏನಿಲ್ಲ, ಹಣ್ಣು ತಿಂದ ಕರಡಿ ಬೀಜಾನೂ ಹರಡ್ತದೆ, ಪುಕ್ಕಟೆ ಕೂಲಿ. ಕಮರ ಬಹಳ ನಿಧಾನ, ಮೊದಲ ಮೂರು ವರ್ಷ ಮೇಲೆ ಏನೂ ಕಾಣಲ್ಲ, ಕೆಳಗೆ ಬೇರು ಇಳಿಸ್ತಾ ಇರ್ತದೆ, ಸತ್ತೈತೆ ಅಂತ ಕಿತ್ತು ಹಾಕ್ಬೇಡ್ರಿ.

ಬೇಡದ್ದು: ಬಳ್ಳಾರಿ ಜಾಲಿ. ಮೆಕ್ಸಿಕೋ, ದಕ್ಷಿಣ ಅಮೆರಿಕಾ ಕಡೆಯಿಂದ ಬಂದ ಗಿಡಕ್ಕೆ ನಮ್ಮ ಜಿಲ್ಲೆ ಹೆಸರು ಅಂಟಿದೆ, ಅದೊಂದು ಪಾಪ. ಯಾರೂ ನೆಡದೆ ತಾನೇ ಬರ್ತದೆ, ಬೇಗ ಹಸಿರಾಗಿ ಕಾಣ್ತದೆ, ಫೋಟೋಗೆ ಚಂದ, ಆದ್ರೆ ಅದರ ಕೆಳಗೆ ಹುಲ್ಲು ಬರಲ್ಲ, ಬೇರೆ ಗಿಡ ಏಳಲ್ಲ. ಸಣ್ಣದಿದ್ದಾಗಲೇ ಬೇರು ಸಮೇತ ಕಿತ್ಸಿ, ಬರೀ ಕಡಿದ್ರೆ ಒಂದಕ್ಕೆ ಹತ್ತು ಚಿಗುರು. ಅಕೇಶಿಯಾ ಒಂದೇ ಜಾತಿ ಸಾಲು ಸಾಲಾಗಿ ನೆಡೋದೂ ಅದೇ ಕಥೆ, ಹಸಿರು ಬಣ್ಣ ಬಳಿದಂಗೆ.

ನೆಟ್ಟ ಮೇಲೆ ಮೂರು ಬೇಸಿಗೆ ದಾಟಿಸ್ಬೇಕು. ಗಿಡದ ಬುಡಕ್ಕೆ ಅರ್ಧ ಚಂದ್ರ ಆಕಾರದ ಒಡ್ಡು, ಒಣ ಹುಲ್ಲು ಹೊದಿಕೆ, ಫೆಬ್ರವರಿಯಿಂದ ಮೇವರೆಗೆ ಹದಿನೈದು ದಿನಕ್ಕೊಂದ್ಸಲ ಟ್ಯಾಂಕರ್ ನೀರು. ಜನವರಿಲೇ ಬೆಂಕಿ ರೇಖೆ ಕೆರೆಸ್ರಿ. ಕುರಿಯವ್ರ ಜೊತೆ ಜಗಳಕ್ಕಿಂತ ಮಾತು ವಾಸಿ, ನಾವು ಒಂದು ಕಡೆ ತಂತಿ ಬೇಲಿಗೆ ಹಾಕೋ ದುಡ್ಡಿನ ಬದಲು ಊರಿನವ್ರಿಗೆ ಹೇಳಿದ್ವಿ, ಹುಲ್ಲು ಕೊಯ್ಕೊಂಡು ಹೋಗ್ರಿ, ದನ ಕುರಿ ಒಳಗೆ ಬಿಡ್ಬೇಡ್ರಿ ಅಂತ. ಬೇಲಿ ಇದ್ದ ಕಡೆ ತಂತಿ ಕಳವಾಯ್ತು, ಮಾತು ಕೊಟ್ಟ ಕಡೆ ಹುಲ್ಲು ನಿಂತಿದೆ.

ಧೂಳು ಮತ್ತೆ ಪಿಟ್

ಧೂಳಿನ ಬಗ್ಗೆ ಬೇಗ ಹೇಳ್ತೀನಿ. ಡ್ರಿಲ್ಲಿಂಗ್ ಒದ್ದೆಯಾಗಿ, ಲಾರಿಗೆ ತಾಡಪಾಲು, ಗೇಟಲ್ಲಿ ಚಕ್ರ ತೊಳೆಯೋ ಜಾಗ, ಹಾಲ್ ರೋಡಿಗೆ ನೀರು. ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಜಾಸ್ತಿ ನೀರು ಹೊಡೆಯೋದಲ್ಲ, ಸ್ವಲ್ಪ ಸ್ವಲ್ಪ ಪದೇ ಪದೇ ಹೊಡೀಬೇಕು, ಜಾಸ್ತಿ ಹೊಡೆದ್ರೆ ಕೆಸರು, ಆ ಕೆಸರು ಒಣಗಿ ಮತ್ತೆ ಧೂಳು. ಪಿಎಂ 10 ಅನ್ನೋ ಧೂಳು 24 ಗಂಟೆ ಸರಾಸರಿ ಘನ ಮೀಟರ್ ಗಾಳಿಗೆ 100 ಮೈಕ್ರೋಗ್ರಾಂ ಒಳಗಿರ್ಬೇಕು ಅಂತ ನಿಯಮ. ಮಿಷಿನ್ ರೀಡಿಂಗ್ ಇರ್ಲಿ, ರಸ್ತೆ ಪಕ್ಕದ ಮೆಣಸಿನಕಾಯಿ ಹೊಲದ ಎಲೆ ಬೆರಳಲ್ಲಿ ಒರೆಸಿ ನೋಡ್ರಿ, ಅದು ಸುಳ್ಳು ಹೇಳಲ್ಲ.

ಪಿಟ್ ವಿಷ್ಯ: ಅದಿರು ಇನ್ನೂ ಕೆಳಗಿದ್ರೆ ಮುಚ್ಚೋಕೆ ಬಿಡಲ್ಲ, ಖಾಲಿಯಾದ ಭಾಗಕ್ಕೆ ಡಂಪ್ ಮಣ್ಣು ವಾಪಸ್ ತುಂಬೋದು ಎಲ್ಲಕ್ಕಿಂತ ಒಳ್ಳೇದು, ಹೊರಗೆ ಹೊಸ ಡಂಪೇ ಬೇಡ. ನೀರು ನಿಲ್ಲಿಸೋ ಪ್ಲಾನ್ ಇದ್ರೆ ಸುತ್ತ ಒಡ್ಡು, ಬೇಲಿ, ಬೋರ್ಡು, ಮತ್ತೆ ದನ ಬಿದ್ರೆ, ಹುಡುಗ್ರು ಈಜೋಕೆ ಇಳಿದ್ರೆ ಹತ್ತಿ ಬರೋಕೆ ಒಂದು ಕಡೆ ಸಲೀಸಾದ ಇಳಿಜಾರು ಬಿಡ್ಲೇಬೇಕು. ಗೋಡೆ ಥರ ನೆಟ್ಟಗೆ ಇರೋ ಪಿಟ್ ನೀರಿಗೆ ಬಿದ್ದೋರು ಮೇಲೆ ಬರಲ್ಲ.

ಲೆಕ್ಕ ಇಡೋದು

ಕಾಗದದ ತಾರೀಖುಗಳು ಗೋಡೆ ಮೇಲೆ ಬರ್ದಿಡ್ರಿ. ಇಸಿ ಕಂಪ್ಲಯನ್ಸ್ ರಿಪೋರ್ಟ್ ಜೂನ್ 1 ಮತ್ತೆ ಡಿಸೆಂಬರ್ 1, ಫಾರಂ 5 ಎನ್ವಿರಾನ್ಮೆಂಟ್ ಸ್ಟೇಟ್‌ಮೆಂಟ್ ಸೆಪ್ಟೆಂಬರ್ 30ರೊಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಕ್ಲೋಷರ್ ಪ್ಲಾನ್ (ಗಣಿ ಮುಚ್ಚೋ ಯೋಜನೆ) ಐಬಿಎಂಗೆ (ಭಾರತೀಯ ಗಣಿ ಬ್ಯೂರೋ), ಕೊನೇ ಕ್ಲೋಷರ್ ಪ್ಲಾನ್ ಗಣಿ ಮುಚ್ಚೋ ಎರಡು ವರ್ಷ ಮೊದಲು.

ಇದು ಕಾಗದದ ಲೆಕ್ಕ ಆಯ್ತು. ನಿಮ್ಮದೇ ಲೆಕ್ಕಕ್ಕೆ ಮೂರು ಸಾಮಾನು ಸಾಕು. ಒಂದು, ಬಿಳಿ ಪೇಂಟ್ ಹೊಡೆದ ಕಲ್ಲು, ಅದರ ಮೇಲೆ ನಿಂತು ಪ್ರತಿ ತಿಂಗಳು ಒಂದೇ ದಿಕ್ಕಿಗೆ ಫೋಟೋ. ಎರಡು, ಎರಡಡಿ ಉದ್ದದ ಕಬ್ಬಿಣದ ಸರಳು, ಇಳಿಜಾರಿಗೆ ಹೊಡೆದು ಒಂದಡಿ ಹೊರಗೆ ಬಿಡ್ರಿ, ಮಳೆಗಾಲ ಮುಗಿದ ಮೇಲೆ ಸ್ಕೇಲ್ ಹಿಡಿದು ನೋಡ್ರಿ, ಒಂದಡಿ ಎರಡಿಂಚು ಕಾಣ್ತಾ ಇದ್ರೆ ಎರಡಿಂಚು ಮಣ್ಣು ಹೋಗಿದೆ ಅಂತ ಅರ್ಥ. ಇಂಥವು ಒಂದು ಡಂಪಿಗೆ ಹತ್ತು ಹದಿನೈದು ಇರ್ಲಿ, ಮೇಲೆ ನಡುವೆ ಕೆಳಗೆ ಅಂತ. ಮೂರು, ಲೀಟರ್ ನೀರಿನ ಬಾಟಲ್. ಪ್ರತಿ ದೊಡ್ಡ ಮಳೆಗೂ ಸೆಟ್ಲಿಂಗ್ ಪಾಂಡ್‌ಗೆ ಬರೋ ನೀರು ಒಂದು ಬಾಟಲ್, ಹೊರಗೆ ಹೋಗೋ ನೀರು ಒಂದು ಬಾಟಲ್, ತಾರೀಖು ಬರೆದ ಚೀಟಿ ಅಂಟಿಸಿ ಕಿಟಕಿ ಮೇಲೆ ಇಡ್ರಿ, ಮಾರನೇ ದಿನ ತಳದಲ್ಲಿ ಎಷ್ಟು ಬೆರಳು ಹೂಳು ಕೂತಿದೆ ನೋಡ್ರಿ. ಲ್ಯಾಬ್ ರಿಪೋರ್ಟಿಗೆ ಇದು ಬದಲಲ್ಲ, ಆದ್ರೆ ಲ್ಯಾಬಿನವ್ರು ಬರೋದು ಮಳೆ ನಿಂತ ಮೇಲೆ.

ನನ್ನ ಟೇಬಲ್ ಹಿಂದಿನ ಕಿಟಕಿಯಲ್ಲಿ ಹೋದ ವರ್ಷದ ಬಾಟಲ್ ಸಾಲು ಇನ್ನೂ ಹಂಗೇ ಇದೆ, ಜೂನಿಂದು ಎರಡು ಬೆರಳು, ಆಗಸ್ಟ್ ಇಪ್ಪತ್ತರದ್ದು ಒಂದೂವರೆ, ಹಸ್ತ ಮಳೆಯದ್ದು ಅರ್ಧ ಬೆರಳು. ಕ್ಲೀನ್ ಮಾಡೋ ಅಕ್ಕ ಎರಡು ಸಲ ಎಸೆಯೋಕೆ ಹೋಗಿದ್ರು, ಕೈ ಮುಗಿದು ನಿಲ್ಲಿಸಿದೀನಿ.